ಕನ್ನಡಿಯಲ್ಲಿ ನಿಂತ ದೀಪ

ನಮ್ಮ ಅತ್ತಿಗೆ ಜಲಜಾಕ್ಷಿಯ ಜೊತೆ ಕಾರಿನಲ್ಲಿ ಹೋಗುವುದೆಂದರೆ ಮರ್ಯಾದೆಯನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ಸಂಜೆ ಹೊತ್ತು ಕಲ್ಕತ್ತೆಯ ಬಾಲಿಗಂಜ್ ಸ್ಟೇಷನ್ ಹತ್ತಿರ, ಹಿಂದಿನ ಗಾಡಿ ದೀಪ ಹಾಕಿಕೊಂಡು ನಿಂತದ್ದು ಕನ್ನಡಿಯಲ್ಲಿ ಕಂಡರೆ ಸಾಕು, ನಡುರಸ್ತೆಯಲ್ಲೇ ಇಳಿದು ಹೋಗಿ ಅದರ ಕಿಟಕಿ ತಟ್ಟುತ್ತಾರೆ. "ದಾದಾ, ಗಾಡಿ ಠಿಕ್ ಆಛೇ ತೋ?" ಅಂತ ಬಂಗಾಳಿಯಲ್ಲಿ ಗಾಡಿ ಸರಿಯಿದೆಯಾ ಎಂದು ಕೇಳುತ್ತಾರೆ. ಸುತ್ತಲಿನ ಬಸ್ಸು, ಆಟೋಗಳೆಲ್ಲ ಹಾರ್ನ್ ಬಡಿಯುತ್ತಿರುತ್ತವೆ. ಸಿಗ್ನಲ್ ಬಿದ್ದಿದೆ ದಿದಿ, ಅದಕ್ಕೇ ನಿಂತಿದ್ದೇನೆ ಅಂತ ಟ್ಯಾಕ್ಸಿಯವರು ನಕ್ಕದ್ದೂ ಇದೆ. ಅತ್ತಿಗೆ ಮಾತ್ರ ಅವರ ಮುಖ ಸರಿಯಾಗಿ ನೋಡಿ, ಅದು ಅನಂತ ಅಲ್ಲವೆಂದು ಖಾತ್ರಿ ಮಾಡಿಕೊಂಡೇ ವಾಪಸು ಬರುವುದು.

ಮೊದಲು ಹೀಗಿರಲಿಲ್ಲ. ಉಡುಪಿ ಕಡೆಯಿಂದ ಬ್ಯಾಂಕ್ ಕೆಲಸಕ್ಕೆ ಕಲ್ಕತ್ತೆಗೆ ಬಂದವರು, ಮೀನಿನವನ ಜೊತೆ ಬಂಗಾಳಿಯಲ್ಲೇ ಜಗಳವಾಡಿ ಗೆಲ್ಲುವ ಗಟ್ಟಿಗಿತ್ತಿ. ಐವತ್ತು ದಾಟಿದ ಮೇಲೆ ಜೀಪಿನ ಹುಚ್ಚು ಬೇರೆ ಹಿಡಿಯಿತು. ರಸ್ತೆಯೇ ಇಲ್ಲದ ಕಡೆ ವಾರಗಟ್ಟಲೆ ತಿರುಗುವ ಒಂದು ಗುಂಪು ಸೇರಿದರು. ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಪಕ್ಕದಲ್ಲಿ ಕೂತು ಬೈಸಿಕೊಳ್ಳಲು ಒಬ್ಬರು ಬೇಕಲ್ಲ. ಆ ಗುಂಪಿನಲ್ಲಿ ಒಂದು ಕಟ್ಟುಪಾಡಿತ್ತು. ಹಿಂದಿನ ಗಾಡಿ ಮುಂದಿನವರ ಹೊಣೆ. ಅದರ ದೀಪ ಕನ್ನಡಿಯಲ್ಲಿ ಕಾಣುತ್ತಲೇ ಇರಬೇಕು.

ಕಳೆದ ವರ್ಷ ಪುರುಲಿಯಾ ಆಚೆ ಒಂದು ಒಣ ನದಿ ದಾಟುವಾಗ ನಮ್ಮ ಹಿಂದೆ, ಎಲ್ಲರಿಗಿಂತ ಕೊನೆಗೆ, ರೈಲ್ವೆಯ ಅನಂತ ಮತ್ತು ಅವನ ಹೆಂಡತಿ ಮೇಧಾ ಇದ್ದರು. ಮರಳಿನ ನಡುವೆ ಅವರ ಜೀಪ್ ಕೆಟ್ಟು ನಿಂತಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಇಂಜಿನ್ ಸತ್ತಿತ್ತು, ದೀಪ ಮಾತ್ರ ಉರಿಯುತ್ತಿತ್ತು. ಅತ್ತಿಗೆ ಕನ್ನಡಿ ನೋಡಿದರು, ದೀಪ ಕಂಡಿತು, ಬರುತ್ತಿದ್ದಾರೆ ಅಂದುಕೊಂಡರು. ನಾವು ದಡ ಹತ್ತಿ ತಿರುವು ದಾಟಿದೆವು. ಗುಡ್ಡದ ಮೇಲೆ ಎಲ್ಲೋ ಮಳೆಯಾಗಿತ್ತು. ನೋಡನೋಡುತ್ತಲೇ ನದಿಗೆ ನೀರು ಬಂತು. ಮೇಧಾಳನ್ನು ಊರಿನವರು ಎಳೆದು ದಡಕ್ಕೆ ಹಾಕಿದರು. ಅನಂತ ಸಿಕ್ಕಿದ್ದು ಮರುದಿನ, ಹೆಣವಾಗಿ.

ಮೇಧಾ ಮೈಸೂರಿಗೆ, ತವರಿಗೆ ಹೋದಳು. ಅತ್ತಿಗೆಗೆ ಅಂದಿನಿಂದ ಒಂದೇ ಕೊರಗು: ಕೊನೆಗಳಿಗೆಯಲ್ಲಿ ಅನಂತ ತನ್ನನ್ನು ಶಪಿಸಿದನೇ? "ಫೋನ್ ಮಾಡಿ ಮೇಧಾಳನ್ನೇ ಕೇಳಿಬಿಡಿ" ಅಂದರೆ, "ಹೌದು ಅಂದ್ರೆ ಎಂತ ಮಾಡ್ಲಿ ಮಾರಾಯ್ತಿ?" ಎನ್ನುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಹೋದ ಭಾನುವಾರ ಮೇಧಾ ತಾನಾಗಿಯೇ ಮನೆಗೆ ಬಂದಳು. ರೈಲ್ವೆ ಕ್ವಾರ್ಟರ್ಸ್ ಖಾಲಿ ಮಾಡಲು ಬಂದಿದ್ದಳಂತೆ. ಅತ್ತಿಗೆ ಕಾಫಿ ತಂದುಕೊಟ್ಟರು. ಮೇಧಾ ಲೋಟ ಕೆಳಗಿಟ್ಟು ಅವರ ಕೈ ಹಿಡಿದುಕೊಂಡಳು.

"ಜಲಜಕ್ಕ, ಅವ್ರು ನಿಮ್ಮನ್ನ ಒಂದ್ಮಾತೂ ಅನ್ಲಿಲ್ಲ. ಇಳಿದು ನಡ್ಕೊಂಡು ಹೋಗೋಣ ಅಂತ ನಾನು ಅಂದೆ. ಆಗ ನಿಮ್ಮ ಗಾಡಿ ಹಿಂದಿನ ಕೆಂಪು ದೀಪ ಹತ್ಕೊಳ್ತು. 'ಕೂತ್ಕೋ, ಜಲಜಕ್ಕ ನಿಲ್ಸಿದ್ರು, ಹಗ್ಗ ತಗೊಂಡು ಬರ್ತಾರೆ' ಅಂದ್ರು. ಅದಕ್ಕೇ ಕೂತಿದ್ವಿ. ನಮಗೋಸ್ಕರಾನೇ ನಿಲ್ಸಿದ್ರಿ ಅಲ್ವಾ? ಅಷ್ಟರಲ್ಲಿ ನೀರು ಬಂದ್ಬಿಡ್ತು, ಅಲ್ವಾ?"

ನಾವು ನಿಂತದ್ದು ನಿಜ. ನಾನು ಪಕ್ಕದಲ್ಲೇ ಇದ್ದೆ. ಅತ್ತಿಗೆಯ ಕನ್ನಡಕಕ್ಕೆ ಧೂಳು ಮೆತ್ತಿತ್ತು. ದಡದ ಮೇಲೆ ಬ್ರೇಕ್ ಹಾಕಿ, ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಹೊರಟಿದ್ದರು.

ಅತ್ತಿಗೆ ನನ್ನ ಕಡೆ ನೋಡಿದರು. ಆಮೇಲೆ ಮೇಧಾಳ ತಲೆ ಸವರಿ, "ಹೌದು. ನಿಮಗೋಸ್ಕರವೇ ನಿಲ್ಸಿದ್ದು" ಎಂದರು. ಮೇಧಾ ಅವರ ಮಡಿಲಲ್ಲಿ ಮುಖವಿಟ್ಟು ಅತ್ತಳು. ನಂಗೆ ಗೊತ್ತಿತ್ತು ಅಕ್ಕ, ಗೊತ್ತಿತ್ತು ಅನ್ನುತ್ತಲೇ ಇದ್ದಳು.

ಅವಳು ಹೋದ ಮೇಲೆ ಅತ್ತಿಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದಿಲ್ಲದೆಯೇ ಅಡಿಗೆ ಮಾಡಲು ಹೋಗಿ ಕೈ ಸುಟ್ಟುಕೊಂಡರು. ನಾನು ಎತ್ತಿ ಕೊಡಲು ಹೋದೆ.

"ಬೇಡ, ಅಲ್ಲೇ ಇರ್ಲಿ" ಎಂದರು.