ಮುಜೀಬಣ್ಣನ ಮೆರವಣಿಗೆ

ಹಿಲ್ಸ್‌ಬರೋದಲ್ಲಿ ನಮ್ಮ ಪಕ್ಕದ ಮನೆಯ ಮುಜೀಬಣ್ಣ ಹೆಂಡತಿಯನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನವೇ ಹಿತ್ತಲಿನ ಹುಲ್ಲು ಕತ್ತರಿಸಿದರು. ಅಡುಗೆಮನೆಯ ಕಿಟಕಿಯಿಂದ ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಗುಲ್ಜಾರ್ ಬೇಗಂ ನನ್ನ ಗೆಳತಿ. ನಾನು ಅತ್ತು ಅತ್ತು ಕಣ್ಣು ಊದಿಸಿಕೊಂಡು ಕೂತಿದ್ದೇನೆ, ಈ ಮನುಷ್ಯ ಮೆಷಿನ್ನಿನಿಂದ ಹುಲ್ಲು ಕೊಡವುತ್ತಿದ್ದಾರೆ. ನಾಲ್ಕು ಮಾತು ಅಂದುಬಿಡೋಣ ಎಂದು ಬೇಲಿಯ ಹತ್ತಿರ ಹೋದರೆ, ನಿಮ್ಮ ಕಡೆಯದೂ ಕತ್ತರಿಸಲೇ ಎಂದು ಕೇಳಿದರು. ಮುಖದಲ್ಲಿ ಏನೆಂದರೆ ಏನೂ ಇರಲಿಲ್ಲ. ಬೈಯುವುದಕ್ಕಾದರೂ ಎದುರಿಗೆ ಒಬ್ಬರು ಇರಬೇಕಲ್ಲ. ಸುಮ್ಮನೆ ವಾಪಸ್ಸು ಬಂದೆ.

ಆಮೇಲೂ ಹಾಗೇ ನಡೆಯಿತು. ಮೌಂಟ್ ರಾಸ್ಕಿಲ್‌ನ ಗ್ಯಾರೇಜಿನಲ್ಲಿ ಟಿಂಕರಿಂಗ್ ಕೆಲಸಕ್ಕೆ ಹೋಗುತ್ತಿದ್ದರು, ನೆಗ್ಗಿದ ಕಾರು ನೆಟ್ಟಗೆ ಮಾಡಿ ಬರುತ್ತಿದ್ದರು. ಊಟ ಕೊಟ್ಟರೆ ಉಣ್ಣುವರು, ಕೊಡದಿದ್ದರೆ ಇಲ್ಲ. ಒಂದು ದಿನ ಬಿಸಿ ಬಾಣಲೆಯನ್ನು ಬರಿಗೈಯಲ್ಲಿ ಎತ್ತಿ ಪಕ್ಕಕ್ಕಿಟ್ಟರಂತೆ. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದನ್ನು ನಾನೇ ತೋರಿಸಬೇಕಾಯಿತು. ಉರಿಯಲ್ವಾ ಎಂದರೆ, ಇಲ್ಲ ಎಂದರು. ವೆಲ್ಲಿಂಗ್ಟನ್‌ನಲ್ಲಿರುವ ಮಗಳು ನಿಖತ್ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನರಗಳೆಲ್ಲ ಸರಿಯಾಗಿವೆ ಎಂದರಂತೆ. ಅಬ್ಬಾ ಒಂದು ಸಲವೂ ಅತ್ತಿಲ್ಲ ಆಂಟಿ, ಹೀಗೇ ಇದ್ದರೆ ಅಮ್ಮನ ಹಿಂದೆಯೇ ಹೋಗಿಬಿಡ್ತಾರೆ, ಅವರ ಮೇಲೆ ಒಂದು ಕಣ್ಣಿಡಿ ಎಂದು ನನ್ನ ಕೈ ಹಿಡಿದು ಕೇಳಿಕೊಂಡಳು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಹೆದರಿದೆ.

ಮುಜೀಬಣ್ಣನ ಪೂರ್ವಾಶ್ರಮದ ಕಥೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವರದು ದಾವಣಗೆರೆ, ನನ್ನದೂ ದಾವಣಗೆರೆ. ಅವರ ಅಪ್ಪನದು ಹಳೇಪೇಟೆಯಲ್ಲಿ ಬ್ಯಾಂಡ್‌ಸೆಟ್. ಮದುವೆಗೂ ಅವರೇ, ಗಣಪತಿ ಬಿಡುವುದಕ್ಕೂ ಅವರೇ, ಮುದುಕರು ತೀರಿಕೊಂಡರೆ ಹೆಣದ ಮುಂದೆಯೂ ಅವರೇ. ಮುಜೀಬಣ್ಣ ಕೆಂಪು ಕೋಟು, ಜರಿ ಪಟ್ಟಿ ಹಾಕಿಕೊಂಡು ಕ್ಲಾರಿಯೋನೆಟ್ ಊದುತ್ತಿದ್ದರು. ನನ್ನ ಮದುವೆಗೂ ಊದಿದ್ದರು ಎಂಬುದು ಇಲ್ಲಿ ಬೇಲಿಯ ಮೇಲಿನ ಮಾತಿನಲ್ಲಿ ಗೊತ್ತಾಯಿತು. ಆವತ್ತು ಮೈಸೂರು ಪಾಕು ಕಲ್ಲಾಗಿತ್ತು ಎಂದು ನೆನಪಿಸಿ ನನ್ನ ಮಾನ ಕಳೆದಿದ್ದರು.

ಬ್ಯಾಂಡ್‌ಸೆಟ್ಟಿನವರ ಪದ್ಧತಿ ಒಂದುಂಟು. ಹೆಣ್ಣನ್ನು ಮನೆ ತುಂಬಿಸುವ ಮೆರವಣಿಗೆಯಲ್ಲಿ ಊದುವವರು ತಾವಾಗಿ ನಿಲ್ಲಿಸುವಂತಿಲ್ಲ. ಬಾಗಿಲು ಮುಟ್ಟಿದ ಮೇಲೂ ಊದುತ್ತಲೇ ಇರಬೇಕು. ಮನೆಯ ಹೆಂಗಸೊಬ್ಬಳು ಎಲೆ ಅಡಿಕೆ ತಂದು, ಹೆಣ್ಣು ಒಳಗೆ ಬಂದಳು, ಇನ್ನು ಸಾಕು ಎನ್ನಬೇಕು. ಆಗಲೇ ವಾದ್ಯ ಕೆಳಗಿಳಿಯುವುದು.

ಆದರೆ ಗುಲ್ಜಾರ್ ಬೇಗಂಗೆ ಆ ಭಾಗ್ಯ ಇರಲಿಲ್ಲ. ಅವಳ ಅಪ್ಪ ಮಹಾ ಕಟ್ಟುನಿಟ್ಟು, ಮದುವೆಯಲ್ಲಿ ವಾದ್ಯದ ಸದ್ದೇ ಕೂಡದು ಎಂದರಂತೆ. ಊರಿನ ಹೆಣ್ಣುಮಕ್ಕಳನ್ನೆಲ್ಲ ಊದಿ ಊದಿ ಮನೆ ತುಂಬಿಸಿದ ಸಾಹೇಬರು ನನ್ನನ್ನು ಮಾತ್ರ ಆಟೋದಲ್ಲಿ ತಂದು ಇಳಿಸಿದರು ಎಂದು ಅವಳು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಈಗಲಾದರೂ ಒಮ್ಮೆ ಊದಿ ಎಂದರೆ ಮುಜೀಬಣ್ಣ, ಕ್ಲಾರಿಯೋನೆಟ್‌ಗೆ ಬೀದಿ ಬೇಕು, ನಿನ್ನ ಅಡುಗೆಮನೆ ಸಾಲದು ಎನ್ನುತ್ತಿದ್ದರು. ನಗುವಿನಲ್ಲೇ ಕಾಲ ಕಳೆಯಿತು. ವಾದ್ಯದ ಪೆಟ್ಟಿಗೆ ಅಟ್ಟದಿಂದ ಇಳಿಯಲಿಲ್ಲ.

ಗ್ಯಾರೇಜಿನಲ್ಲಿ ಅವರ ಜೊತೆ ಹೇಮಿ ಎಂಬ, ಇಲ್ಲಿನ ಮೂಲನಿವಾಸಿ ಮಾವೊರಿ ಹುಡುಗ ಕೆಲಸ ಮಾಡುತ್ತಿದ್ದ. ಅವನದೊಂದು ಬ್ಯಾಂಡ್. ಹಿರಿಯರ ಎದುರಿಗೆ ಹೇಳುವಂಥ ಹೆಸರಲ್ಲ ಅದರದು. ಫೋಕ್ ಪಂಕ್ ಅಂತೆ. ಅಜ್ಜಂದಿರ ಕಾಲದ ಹಾಡನ್ನು ನಲ್ಲಿಯ ಮುಂದೆ ಜಗಳ ಆಡುವವರ ಹಾಗೆ ಹಾಡುವುದು. ಒಬ್ಬಳು ಪಿಟೀಲು ಕುಯ್ಯುತ್ತಾಳೆ, ಒಬ್ಬ ಡ್ರಮ್ ಬಡಿಯುತ್ತಾನೆ, ಹೇಮಿ ಅಕಾರ್ಡಿಯನ್ ಹಿಡಿದು ಕಿರುಚುತ್ತಾನೆ. ಗುಲ್ಜಾರ್ ಕೈಯ ಬಿರಿಯಾನಿ ತಿಂದವನು ಅವನು, ಆಟೋದ ಕಥೆಯನ್ನೂ ಕೇಳಿದವನು. ಇಲ್ಲಿ ಚಳಿಗಾಲ ಬರುವುದು ಜುಲೈ ತಿಂಗಳಲ್ಲಿ. ಆಗ ಒಂದು ಜಾತ್ರೆ ಇದೆ, ಶನಿವಾರ ಭಾನುವಾರ ಎರಡು ದಿನ, ನೀನೂ ಊದು ಎಂದು ಮುಜೀಬಣ್ಣನನ್ನು ಕೇಳಿದ. ಬೇರೆ ಎಲ್ಲದಕ್ಕೂ ಅನ್ನುವ ಹಾಗೆ ಅದಕ್ಕೂ ಅವರು ಆಗಲಿ ಎಂದರು. ಅದರಲ್ಲಿ ಖುಷಿಯೂ ಇರಲಿಲ್ಲ, ಬೇಸರವೂ ಇರಲಿಲ್ಲ. ಕಾರಿನಲ್ಲಿ ಕರೆದುಕೊಂಡು ಹೋಗುವ ಕೆಲಸ ನನಗೆ ಬಿತ್ತು. ಸಿಗ್ನಲ್ಲಿನ ಕೆಂಪು ದೀಪವೂ ಕಾಣಿಸದ ಸ್ಥಿತಿ ಅವರದು.

ಜಾತ್ರೆ ಎಂದರೆ ಆಲ್ಬನಿಯ ಆಚೆ ಒಂದು ಹುಲ್ಲುಗಾವಲು. ಒದ್ದೆ ನೆಲ, ಮೂಳೆ ಕೊರೆಯುವ ಗಾಳಿ. ಅದರಲ್ಲಿ ಬ್ಯಾಂಕು, ಆಫೀಸುಗಳಲ್ಲಿ ಕೆಲಸ ಮಾಡುವ ಗಂಡಸರು ಕಬ್ಬಿಣದ ಅಂಗಿ ತೊಟ್ಟು, ಕತ್ತಿ ಹಿಡಿದು ಐನೂರು ವರ್ಷದ ಹಿಂದಿನವರಾಗಿ ಓಡಾಡುತ್ತಿದ್ದರು. ಹಳೇ ಕಾಲಕ್ಕೆ ಸೇರದ್ದು ಯಾವುದೂ ಕಣ್ಣಿಗೆ ಬೀಳಬಾರದು ಎಂದು ಮೇಲ್ವಿಚಾರಕಿ ನನ್ನ ಫ್ಲಾಸ್ಕಿಗೂ ಗೋಣಿತಾಟು ಹೊದಿಸಿದಳು. ಮುಜೀಬಣ್ಣ ತಮ್ಮ ಹಳೆಯ ಕೆಂಪು ಕೋಟು ಹಾಕಿದ್ದರು, ಗುಂಡಿ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಇದು ಯಾವ ಶತಮಾನದ್ದು ಎಂದು ಅವಳು ಕೇಳಿದಳು. ದಾವಣಗೆರೆಯದು ಎಂದೆ. ಬರೆದುಕೊಂಡು ಹೋದಳು.

ಶನಿವಾರ ಅವರು ಚೆನ್ನಾಗಿಯೇ ಊದಿದರು. ಬೆರಳು ಒಂದನ್ನೂ ಮರೆತಿರಲಿಲ್ಲ. ತೊಂದರೆ ಇದ್ದದ್ದು ಹಾಡು ಮುಗಿಯುವಾಗ. ಹೇಮಿಯ ಕಡೆಯವರು ಧಡ್ ಎಂದು ನಿಲ್ಲಿಸಿದರೆ, ಇವರು ಊದುತ್ತಲೇ ಇರುವರು. ಮೆರವಣಿಗೆಯವರಿಗೆ ಹಾಡು ಮುಗಿಯುವುದೆಂದರೆ ಏನೆಂದು ಹೇಗೆ ಗೊತ್ತಿರಬೇಕು? ಜನ ಅದೂ ತಮಾಷೆಯೆಂದುಕೊಂಡು ನಕ್ಕು ಚಪ್ಪಾಳೆ ತಟ್ಟಿದರು. ಹೇಮಿ ಪ್ರತಿ ಸಲ ಭುಜ ತಟ್ಟಿ ನಿಲ್ಲಿಸಬೇಕಾಯಿತು. ಮುಜೀಬಣ್ಣ ನಗಲೂ ಇಲ್ಲ, ನಾಚಿಕೊಳ್ಳಲೂ ಇಲ್ಲ. ಸಂಜೆ ನಿಖತ್ ಫೋನು ಮಾಡಿ ಅಬ್ಬಾ ಹೇಗಿದ್ದಾರೆ ಎಂದಳು. ಊದುತ್ತಾರೆ, ಆದರೆ ಉಸಿರು ಮಾತ್ರ ಅವರದು, ಮನುಷ್ಯ ಅಲ್ಲಿಲ್ಲ ಎಂದೆ. ಅವಳು ಅತ್ತಳು. ಹಾಗೆ ಹೇಳಬಾರದಿತ್ತು.

ಭಾನುವಾರ ಜಾತ್ರೆಯ ಕೊನೆಗೆ ಒಂದು ಮೆರವಣಿಗೆ. ಚಳಿಗಾಲ ಎಂದು ಹುಲ್ಲಿನ ಮುದುಕನನ್ನು ಕಟ್ಟಿ, ಪಂಜು ಹಿಡಿದು ಹೊತ್ತುಕೊಂಡು ಹೋಗಿ ಸುಡುವುದು. ಮುಂದೆ ಹೇಮಿಯ ಬ್ಯಾಂಡು. ಮಬ್ಬುಗತ್ತಲೆ, ತುಂತುರು ಮಳೆ. ಮುಜೀಬಣ್ಣ ಬಹಳ ವರ್ಷಗಳ ಮೇಲೆ ನಡೆಯುತ್ತಾ ಊದತೊಡಗಿದರು. ನಡೆಯುತ್ತಿದ್ದಂತೆ ಅವರ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ. ಬೆಂಕಿಯ ಹತ್ತಿರ ಎಲ್ಲರೂ ನಿಂತರು. ಅವರು ನಿಲ್ಲಲಿಲ್ಲ. ಗೇಟು ದಾಟಿ ಕಾರುಗಳು ನಿಂತಿದ್ದ ಹುಲ್ಲಿಗೆ ಹೋದರು. ಹೇಮಿಯ ಹಾಡು ಬಿಟ್ಟುಹೋಗಿ ಬೇರೆಯದು ಶುರುವಾಗಿತ್ತು. ನನಗೆ ಗುರುತು ಹತ್ತಿತು. ಹೆಣ್ಣನ್ನು ಮನೆ ತುಂಬಿಸುವ ಧಾಟಿ. ನನ್ನ ಮದುವೆಯಲ್ಲಿ ಕೇಳಿದ್ದು.

ಹೇಮಿ ಹಿಡಿದು ನಿಲ್ಲಿಸಲು ಓಡಿದ. ಮುಟ್ಟಬೇಡ ಎಂದೆ. ಕೆಸರಿನಲ್ಲಿ ಸೀರೆ ಎತ್ತಿಕೊಂಡು ನಾನೂ ಹಿಂದೆ ಹೋದೆ. ಪಿಕಪ್ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಅವರು ನನ್ನ ಕಾರಿನ ತನಕ ಬಂದರು. ಅದರ ಮುಂದೆ ನಿಂತು ಊದಿದರು, ಊದಿದರು, ಊದುತ್ತಲೇ ಇದ್ದರು. ತುಟಿ ಒಡೆದು ಗದ್ದದ ಮೇಲೆ ರಕ್ತ ಇಳಿದಿತ್ತು. ಉಸಿರು ಸೀಳುತ್ತಿತ್ತು. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು. ಏನೋ ಕೇಳುತ್ತಿದ್ದಾರೆ, ನನಗೆ ತಿಳಿಯುತ್ತಿಲ್ಲ. ಆಮೇಲೆ ತಿಳಿಯಿತು. ನಿಲ್ಲಿಸುವ ಹಕ್ಕು ಅವರಿಗಿಲ್ಲ.

ಎಲೆ ಅಡಿಕೆ ಎಲ್ಲಿಂದ ತರಲಿ? ಬ್ಯಾಗಿನಲ್ಲಿ ಒಂದು ಕಿತ್ತಳೆ ಹಣ್ಣಿತ್ತು. ಅದನ್ನೇ ಎರಡೂ ಕೈಯಲ್ಲಿ ಹಿಡಿದು ಮುಂದೆ ಹೋದೆ.

“ಮುಜೀಬಣ್ಣ, ಗುಲ್ಜಾರ್ ಒಳಗೆ ಬಂದ್ಲು. ಇನ್ನ ಸಾಕು.”

ಕ್ಲಾರಿಯೋನೆಟ್ ಕೆಳಗಿಳಿಯಿತು. ಹುಲ್ಲುಗಾವಲಿನ ಕಡೆಯಿಂದ ಜನ ಕೂಗುವ ಸದ್ದು ಕೇಳಿಸಿತು, ಮುದುಕನಿಗೆ ಬೆಂಕಿ ಹತ್ತಿತ್ತು. ಮುಜೀಬಣ್ಣ ಹಣ್ಣು ತೆಗೆದುಕೊಂಡು ಪದ್ಧತಿಯಂತೆ ಕಣ್ಣಿಗೊತ್ತಿಕೊಂಡರು. ಕಾರಿನಲ್ಲಿ ಕೂತರು. ನಾನು ಹೀಟರ್ ಹಾಕಿದೆ. ಹಾರ್ಬರ್ ಬ್ರಿಡ್ಜ್ ಹತ್ತುವಾಗ ಅವರು ಹಣ್ಣು ಸುಲಿದು ಒಂದು ತೊಳೆ ಬಾಯಿಗಿಟ್ಟರು. ಇಟ್ಟವರು ಬೆಚ್ಚಿಬಿದ್ದು, ಕೈಯಿಂದ ಬಾಯಿ ಮುಚ್ಚಿಕೊಂಡರು.

“ಅಕ್ಕಾ, ತುಟಿ ಉರೀತೈತ್ರಿ,” ಎಂದರು. “ಭಾಳ ಉರೀತೈತಿ.”

ಆಮೇಲೆ ಹಿಲ್ಸ್‌ಬರೋ ಬರುವವರೆಗೂ ಅತ್ತರು.