ಮುನಿರಾಜನನ್ನು ಕಂಡು ಕೂಗಿದ ಮೀಟರ್

ದೆವ್ವ, ಶಕುನ, ಹಲ್ಲಿ ಲೊಚಗುಟ್ಟಿದ್ದು, ಇವನ್ನೆಲ್ಲ ನಾನು ಯಾವತ್ತೂ ನಂಬಿದವನಲ್ಲ. ಈಗ ನಂಬುತ್ತೀಯಾ ಎಂದರೆ ಅದಕ್ಕೂ ಹೂಂ ಎನ್ನಲಾರೆ. ಆದರೆ ನಾಲ್ಕು ವರ್ಷದ ಹಿಂದೆ, ಹಾಡಹಗಲು ಹನ್ನೊಂದು ಗಂಟೆಗೆ ನನ್ನ ಕಣ್ಣೆದುರೇ ನಡೆದದ್ದನ್ನು ಸುಳ್ಳು ಅನ್ನುವುದು ಹೇಗೆ? ಓದಿ ನೀವೇ ಹೇಳಿ.

ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಪೇಂಟ್ ಕಾರ್ಖಾನೆ. ಹೆಸರು ಬೇಡ. ಅಲ್ಲಿನ ಮೀಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಅದರಲ್ಲಿ ಮುಖ್ಯವಾದದ್ದು ಆಮ್ಲಜನಕ ಅಳೆಯುವ ಅನಲೈಸರ್, ನಮ್ಮ ಬಾಯಲ್ಲಿ ಆಕ್ಸಿಜನ್ ಮೀಟರ್. ಟಿಫನ್ ಡಬ್ಬಿಯಷ್ಟು ಗಾತ್ರ. ಅದರ ಉದ್ದನೆಯ ಕೊಳವೆಯನ್ನು ಟ್ಯಾಂಕಿನೊಳಗೆ ಬಿಟ್ಟರೆ ಪುಟ್ಟ ಪಂಪು ಒಳಗಿನ ಗಾಳಿ ಎಳೆದುಕೊಂಡು ಅಂಕಿ ತೋರಿಸುತ್ತದೆ. ಒಳ್ಳೆಯ ಗಾಳಿ ಎಂದರೆ ನೂರಕ್ಕೆ ಇಪ್ಪತ್ತು ಪಾಯಿಂಟ್ ಒಂಬತ್ತು. ನಂದಿಬೆಟ್ಟದ ಮೇಲಾದರೂ ಅಷ್ಟೇ, ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಾದರೂ ಅಷ್ಟೇ. ಹತ್ತೊಂಬತ್ತೂವರೆಗಿಂತ ಇಳಿದರೆ ಕೆಂಪು ದೀಪ, ಕಿವಿ ಕಿತ್ತುಹೋಗುವ ಸೈರನ್. ಟ್ಯಾಂಕಿಗೆ ಬೆಂಕಿ ಹತ್ತಬಾರದೆಂದು ಸಾರಜನಕ ತುಂಬಿಟ್ಟಿರುತ್ತೇವೆ. ಅದಕ್ಕೆ ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ತಿಳಿಯದೆ ಇಳಿದವನು ಎರಡೇ ಉಸಿರಿಗೆ ಕುಸಿದು ಬೀಳುತ್ತಾನೆ. ಹಾಗಾಗಿ ಮೀಟರ್ ನೋಡಿ ನಾನು ಪರ್ಮಿಟ್ ಚೀಟಿಗೆ ಸಹಿ ಹಾಕದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ.

ಟ್ಯಾಂಕ್ ತೊಳೆಯುತ್ತಿದ್ದ ಮುನಿರಾಜ ಆವತಿ ಕಡೆಯವನು. ನಲವತ್ತರ ಆಸುಪಾಸು, ಗಟ್ಟಿ ಆಳು. ಇಳಿಯುವ ಮುಂಚೆ ಟ್ಯಾಂಕಿನ ಬಾಯಿಗೆ ನಿಂಬೆಹಣ್ಣು ನಿವಾಳಿಸಿ ತುಳಿಯುವುದು ಅವನ ಪದ್ಧತಿ. ಮೀಟರ್ ಇರುವಾಗ ನಿಂಬೆಹಣ್ಣು ಯಾಕಯ್ಯ ದಂಡ, ಪಾನಕಕ್ಕಾದರೂ ಆಗುತ್ತಿತ್ತು ಎಂದು ನಾನು ಪ್ರತಿಸಲವೂ ಗೇಲಿ ಮಾಡುತ್ತಿದ್ದೆ. ಅವನು ಬೇಜಾರು ಮಾಡಿಕೊಂಡವನೇ ಅಲ್ಲ. ಸೊಗಡಿನ ಕಾಲದಲ್ಲಿ ನನ್ನ ಮನೆಗೆಂದು ಒಂದು ಚೀಲ ಅವರೆಕಾಯಿ ತಂದುಕೊಡುತ್ತಿದ್ದ.

ಆವತ್ತಿನದು ಎರಡು ದಿನ ಬ್ಲೋವರ್ ಓಡಿಸಿ ಗಾಳಿ ಆಡಿಸಿದ್ದ ಟ್ಯಾಂಕು. ಕೊಳವೆಯನ್ನು ತಳದವರೆಗೆ ಬಿಟ್ಟು ನೋಡಿದೆ. ಇಪ್ಪತ್ತು ಪಾಯಿಂಟ್ ಒಂಬತ್ತು. ಮುನಿರಾಜ ಟ್ಯಾಂಕಿನ ಬಾಯಂಚಿಗೆ ಕೂತು ಕಾಲು ಇಳಿಬಿಟ್ಟ. ಸೈರನ್ ಕೂಗಿಕೊಂಡಿತು. ಹತ್ತೊಂಬತ್ತು, ಹದಿನೆಂಟೂವರೆ. ಎದ್ದು ಸರಿದ. ಅಂಕಿ ಮೇಲೇರಿ ಸೈರನ್ ನಿಂತಿತು. ಮತ್ತೆ ಕೂತ, ಮತ್ತೆ ಕೂಗಿತು. ಅವನ ಜೊತೆ ಕೆಲಸ ಮಾಡುವ ನಾಗೇಶನನ್ನು ಅದೇ ಜಾಗದಲ್ಲಿ ಕೂರಿಸಿದೆ, ಅಂಕಿ ಅಲ್ಲಾಡಲಿಲ್ಲ. ನಾನೇ ಕೂತೆ, ಅಲ್ಲಾಡಲಿಲ್ಲ. ಸ್ಟೋರಿನಿಂದ ಇನ್ನೊಂದು ಮೀಟರ್ ತಂದೆ. ಅದು ಮುನಿರಾಜ ಕೂತರೂ ಸುಮ್ಮನಿತ್ತು.

ಎರಡು ಮೀಟರ್ ಜಗಳವಾಡಿದರೆ ನಮ್ಮಲ್ಲಿ ಒಂದು ಕ್ರಮವುಂಟು. ಎರಡನ್ನೂ ಬಯಲಿಗೆ ಒಯ್ದು ಹಿಡಿಯಬೇಕು. ಇಪ್ಪತ್ತು ಪಾಯಿಂಟ್ ಒಂಬತ್ತು ತೋರಿಸದೆ ಇರುವುದು ಸುಳ್ಳುಗಾರ. ಹೊಂಗೆಮರದ ಕೆಳಗೆ ಹಿಡಿದೆ. ಎರಡೂ ಸರಿಯಾಗಿಯೇ ತೋರಿಸಿದವು.

ಇವತ್ತು ಬೇಡ ಮುನಿರಾಜ, ಮನೆಗೆ ಹೋಗು ಎನ್ನಬೇಕೆಂದು ಬಾಯಿತುದಿಗೆ ಬಂದಿತ್ತು. ಯಾಕೆ ಎಂದರೆ ಏನು ಹೇಳಲಿ? ಗಾಳಿ ಚೆನ್ನಾಗಿತ್ತು. ನಿಂಬೆಹಣ್ಣಿಗೆ ನಕ್ಕವನು ಈಗ ಶಕುನ ಹೇಳಿದರೆ ಇಡೀ ಕಾರ್ಖಾನೆ ನನ್ನನ್ನು ನೋಡಿ ನಗುತ್ತಿತ್ತು. ನಾಚಿಕೆಯಾಯಿತು. ಅಷ್ಟೇ, ಬೇರೆ ಕಾರಣವಿಲ್ಲ.

"ನಿಮ್ ಮಿಷನ್‌ಗೆ ನನ್ ಕಂಡ್ರೆ ಆಗಲ್ಲ ಕಣಣ್ಣ. ಸೈನ್ ಹಾಕಿ, ಊಟದೊತ್ತಿಗೆ ಮುಗಿಸ್ಬಿಡ್ತೀನಿ," ಅಂದ ಮುನಿರಾಜ.

ಹಾಕಿದೆ.

ಸೊಂಟಕ್ಕೆ ಬೆಲ್ಟು ಹಗ್ಗ ಕಟ್ಟಿಕೊಂಡು ಇಳಿದ. ಎರಡೂ ಮೀಟರಿನ ಕೊಳವೆಗಳನ್ನು ಅವನ ತಲೆಯ ಹತ್ತಿರವೇ ಇಳಿಬಿಟ್ಟಿದ್ದೆ. ಹತ್ತು ನಿಮಿಷ ತಳ ಕೆರೆಯುವ ಸದ್ದು ಬರುತ್ತಿತ್ತು. ಆಮೇಲೆ ನಿಂತಿತು.

"ಅಣ್ಣ, ಉಸ್ರು ಸಿಗ್ತಿಲ್ಲ."

ಮೀಟರ್ ನೋಡಿದೆ. ಎರಡರಲ್ಲೂ ಇಪ್ಪತ್ತು ಪಾಯಿಂಟ್ ಒಂಬತ್ತು. ಸ್ವಲ್ಪ ಮುಂಚೆ ಅಷ್ಟೊಂದು ಕೂಗಿದ್ದು ಈಗ ತಣ್ಣಗೆ ಕೂತಿತ್ತು. ನಾನೂ ನಾಗೇಶನೂ ಹಗ್ಗ ಜಗ್ಗಿ ಮೇಲೆತ್ತಿ ಬಯಲಿನಲ್ಲಿ ಮಲಗಿಸಿದೆವು. ಅಷ್ಟು ಗಾಳಿಯ ನಡುವೆ ಅವನು ಬಾಯಿಬಾಯಿ ಬಿಡುತ್ತಿದ್ದ. ಎದೆ ಒತ್ತಿದೆ, ಬಾಯಿಗೆ ಬಾಯಿಟ್ಟು ಊದಿದೆ. ಅಯ್ಯೋ, ಏನು ಮಾಡಿದರೂ ಒಳಗೆ ಹೋಗಲಿಲ್ಲ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದುಹೋಗಿತ್ತು. ಹೃದಯ ನಿಂತಿದೆ, ಗಾಳಿಯ ದೋಷವಲ್ಲ ಎಂದರು ಡಾಕ್ಟರು.

ಕೂಗಿದ್ದ ಆ ಮೀಟರ್ ನಿಮಿಷ ನಿಮಿಷದ ಲೆಕ್ಕವನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಮಾರನೆಯ ದಿನ ಕಂಪ್ಯೂಟರಿಗೆ ಹಾಕಿ ತೆಗೆದೆವು. ಬೆಳಗಿನಿಂದ ಸಂಜೆಯವರೆಗೆ ಒಂದೇ ಅಂಕಿ, ಒಂದು ಸಲವೂ ಸೈರನ್ ಕೂಗಿದ ಗುರುತಿಲ್ಲ. ಕೂಗಿದ್ದು ನಿಜ ಎಂದು ನಾಗೇಶ ಇವತ್ತಿಗೂ ಆಣೆ ಮಾಡುತ್ತಾನೆ. ತಯಾರಿಸಿದವರಿಗೆ ಕಳಿಸಿದರೆ ದೋಷವಿಲ್ಲವೆಂದು ಕಾಗದ ಬಂತು. ಬ್ಯಾಟರಿ, ತೇವ, ಸೆನ್ಸರಿನ ವಯಸ್ಸು, ಎಲ್ಲ ಯೋಚಿಸಿ ಸೋತಿದ್ದೇನೆ. ಅದಕ್ಕೆ ಗೊತ್ತಿರುವುದು ಆಮ್ಲಜನಕ ಒಂದೇ. ಮನುಷ್ಯರ ಗುರುತು ಅದಕ್ಕಿಲ್ಲ.

ಹನ್ನೊಂದನೆಯ ದಿನದ ತಿಥಿಗೆ ಹೋಗಿದ್ದೆ. ಮುನಿರಾಜನ ಹೆಂಡತಿ ಭಾಗ್ಯ ಎಲೆ ಹಾಕಿ, ತಾನೇ ಬಡಿಸಿ, ನಾನು ಕೈತೊಳೆದು ಬರುವವರೆಗೂ ಕಾದು, ಹತ್ತಿರ ಬಂದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಮಿಷನ್ ಕೂಗ್ತಂತಲ್ಲಣ್ಣ, ನಿಜಾನಾ?"

ಹೂಂ ಅಂದೆ.

"ಮತ್ತೆ ಯಾಕಣ್ಣ ಇಳಿಸಿದ್ರಿ?"

ಯೋಚನೆ ಮಾಡಿ ಹೇಳ್ತೀನಿ ಕಣಮ್ಮ ಅಂದುಬಿಟ್ಟೆ. ಎಂಥ ಮಾತು ಅದು! ನಾಲ್ಕು ವರ್ಷವಾಯಿತು. ಆ ಹೆಣ್ಣುಮಗಳಿಗೆ ಇನ್ನೂ ಹೇಳಿಲ್ಲ, ಆ ಊರಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದೇನೆ.