ಕಲಕಲು ಕರೆದ ಆಂಟಿ

ಹೋದ ವಾರ ಮಗಳ ಹಾಲಿಗೆ ಬೆರೆಸಲೆಂದು ಮಾಲ್ಟ್ ಪುಡಿಯ ಹೊಸ ಡಬ್ಬಿ ತೆರೆದೆ. ಬಾರ್ಲಿಯ ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆ ಆಂಟಿಯ ಗೊಣಗಾಟ ಕಿವಿಯಲ್ಲಿ ಶುರುವಾಯಿತು…

ಆಂಟಿ ಬೆಂಗಳೂರಿನಲ್ಲಿ ಓದಿದ ಡಾಕ್ಟರು. ಇಲ್ಲಿ ಐರ್ಲೆಂಡಿನ ಕಿಲ್ಕೆನ್ನಿಯ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಇಪ್ಪತ್ತು ವರ್ಷದಿಂದ ಮನೆಯಲ್ಲೇ ಬಿಯರ್ ಮಾಡುತ್ತಿದ್ದರು. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ ತರಿಸಿ, ತಾವೇ ಒಡೆದು, ಬಿಸಿನೀರಲ್ಲಿ ನೆನೆಸಿ, ಸೋಸಿ, ಕುದಿಸಿ… ಇಡೀ ದಿನದ ಕೆಲಸ. ಬೇಸಿಗೆಯಲ್ಲಿ ನಮ್ಮ ಬೀದಿಯವರೆಲ್ಲ ಎದುರಿನ ಹುಲ್ಲುಹಾಸಿನಲ್ಲಿ ಸೇರಿದಾಗ ಅವರ ಬಿಯರ್ ಇರಲೇಬೇಕಿತ್ತು.

ಒಂದು ವರ್ಷ ಚಳಿಗಾಲದಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ನೆನೆದ ಕಾಳಿನ ಪಾತ್ರೆ ಎತ್ತುವಂತಿರಲಿಲ್ಲ. ಬೇಸಿಗೆ ಹತ್ತಿರವಾದಾಗ, ಜೀವಮಾನದಲ್ಲಿ ಮೊದಲ ಬಾರಿಗೆ, ಮಾಲ್ಟ್ ಪಾಕದ ಡಬ್ಬಿ ತರಿಸಿದರು. ಕಾಳಿನ ಕೆಲಸವೆಲ್ಲ ಕಾರ್ಖಾನೆಯಲ್ಲೇ ಮುಗಿದು ಜೋನಿಬೆಲ್ಲದಂತೆ ಬಂದಿರುವ ಪಾಕ. ನೀರಲ್ಲಿ ಕರಗಿಸಿ ಕುದಿಸಿದರಾಯಿತು. ಕಲಕುವುದಕ್ಕೆ ನಾನು ಬೇಕಾದೆ.

"ನಾವು ಕುಡಿಯಲ್ಲ ಅಂತ ನಿಮಗೆ ಗೊತ್ತಲ್ಲ, ಆಂಟಿ."

"ಕುಡಿ ಅಂದ್ನಾ? ಕಲಕು ಅಂದೆ. ಈಸ್ಟ್ ಹಾಕೋವರೆಗೂ ಇದು ಬರೀ ಸಿಹಿನೀರು. ಹಾಕೋ ಹೊತ್ತಿಗೆ ನೀನು ಮನೆಗೆ ಹೋಗು."

ಪಾಕ ಸುರಿಯುವ ಮುಂಚೆ ಒಲೆ ಆರಿಸಬೇಕೆಂದು ಡಬ್ಬಿಯ ಮೇಲೆ ಬರೆದಿತ್ತು. ಗಟ್ಟಿಯಾಗಿ ಓದಿ ಹೇಳಿದೆ.

"ಇಪ್ಪತ್ತು ವರ್ಷದಿಂದ ಮಾಡ್ತಿದೀನಿ. ಡಬ್ಬಿ ಕೈಲಿ ಹೇಳಿಸ್ಕೋಬೇಕಾ?" ಎನ್ನುತ್ತ ಉರಿಯ ಮೇಲೇ ಸುರಿದುಬಿಟ್ಟರು. ನಾನು ಸೌಟು ಹಾಕುವಷ್ಟರಲ್ಲಿ ಪಾಕ ತಳಕ್ಕೆ ಇಳಿದು ಹಿಡಿದುಕೊಂಡಿತು. ಅಡುಗೆಮನೆ ತುಂಬ ಸೀದ ವಾಸನೆ. ಮೇಲಿಂದ ನೊರೆ ಉಕ್ಕಿ ಒಲೆಯೆಲ್ಲ ಅಂಟು. ನನ್ನ ಶನಿವಾರ ಹಾಳಾಗಿತ್ತು.

"ಓದಿ ಹೇಳಿದ್ನಲ್ಲ ಆಂಟಿ! ನಿಮ್ಮ ಪೇಷಂಟ್ ಹೀಗೆ ಮಾಡಿದ್ರೆ ಸುಮ್ನೆ ಬಿಡ್ತಿದ್ರಾ?"

ಅವರು ಎಡಗೈಯಿಂದ ಪಾತ್ರೆ ಉಜ್ಜಲು ಹೋದರು. ಅದು ಸಿಂಕಿನಲ್ಲಿ ಜಾರುತ್ತಲೇ ಇತ್ತು. ಕೊನೆಗೆ ನಾನೇ ಕಿತ್ತುಕೊಂಡು ತಿಕ್ಕಿದೆ.

ಮರುವಾರ ಇನ್ನೊಂದು ಡಬ್ಬಿ ಬಂತು. "ಓದು," ಎಂದರು. ನಾನು ಓದಿದಂತೆಲ್ಲ ಮಾಡಿದರು, ಮಾಡುತ್ತಲೇ ಗೊಣಗಿದರು. "ಇದೇನು ಬಿಯರ್ ಮಾಡೋದಾ? ಪ್ಯಾಕೆಟ್ ಉಪ್ಪಿಟ್ಟು ಕೆದಕಿದ ಹಾಗಿದೆ."

ಬೇಸಿಗೆ ಬಂತು, ಬೀದಿಯವರು ಸೇರಿದರು. ಮೂಲೆಮನೆಯ ಮುದುಕ ಒಂದು ಗುಟುಕು ಕುಡಿದು, ಇಷ್ಟು ವರ್ಷದಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದ. ಉಳಿದವರೂ ತಲೆಯಾಡಿಸಿದರು. ಆಂಟಿ ಲೋಟ ಕೆಳಗಿಟ್ಟು, ಇದು ಡಬ್ಬಿಯ ಮಾಲ್ಟಿನದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ಗ್ರ್ಯಾಂಡ್!" ಅದಕ್ಕೇನು, ಒಳ್ಳೆಯದೇ ಎಂಬಂತೆ ಯಾರೋ ಕೂಗಿದರು, ಎಲ್ಲರೂ ನಕ್ಕರು. ಆಂಟಿ ಎದ್ದು ಮನೆಗೆ ಹೊರಟರು.

ನಾನು ಹಿಂದೆಯೇ ಹೋದೆ. "ಹೊಗಳಿದ್ರೂ ಕೋಪಾನಾ ಆಂಟಿ?"

"ಇಪ್ಪತ್ತು ವರ್ಷ ಬೆನ್ನು ಮುರ್ಕೊಂಡೆ ಕಣೇ. ಒಬ್ರಿಗಾದ್ರೂ ವ್ಯತ್ಯಾಸ ಗೊತ್ತಾಯ್ತಾ?"

"ಬಿಡಿ, ಬರೀ ಬಿಯರ್ ತಾನೆ," ಎಂದೆ. ನನಗೂ ಸಾಕಾಗಿಹೋಗಿತ್ತು.

ಅವರು ಬೀಗದಕೈ ಹುಡುಕುತ್ತಿದ್ದವರು ನಿಂತರು. "ಹೌದು. ನಿನಗೆ ಬರೀ ಬಿಯರ್."

ಕೈ ಪೂರ್ತಿ ಸರಿಹೋಗಲಿಲ್ಲ. ಆದರೂ ಅಕ್ಟೋಬರಿನಲ್ಲಿ ಮತ್ತೆ ಕಾಳು ತರಿಸಿದರು. "ಈ ಶನಿವಾರ ಬರ್ತೀಯಾ? ಎತ್ತಿಳಿಸೋಕೆ ಒಬ್ರು ಬೇಕು. ನಿಜವಾದ್ದು ಹೇಗೆ ಮಾಡ್ತಾರೆ ನೋಡ್ಕೊಳ್ಳುವಂತೆ." ಮಗಳಿಗೆ ಈಜಿನ ಕ್ಲಾಸ್ ಇದೆ ಎಂದೆ. ಮುಂದಿನ ವಾರವೂ ಏನೋ ನೆಪ ಹೇಳಿದೆ. ಸುಳ್ಳೇನಲ್ಲ… ಆದರೆ ಮನಸ್ಸು ಮಾಡಿದ್ದರೆ ಹೋಗಬಹುದಿತ್ತು. ಮೂರನೆಯ ಸಲ ಅವರು ಕರೆಯಲಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ, ಹೃದಯಾಘಾತವಾಗಿ, ಎರಡೇ ದಿನದಲ್ಲಿ ಹೋಗಿಬಿಟ್ಟರು. ಒಡೆಯದ ಕಾಳಿನ ಮೂಟೆ ಗ್ಯಾರೇಜಿನಲ್ಲಿ ಹಾಗೇ ಇತ್ತು.

ಮೊನ್ನೆ ಭಾನುವಾರ ಬೀದಿಯವರು ಮತ್ತೆ ಸೇರಿದ್ದರು. ಈಗ ಬಿಯರ್ ಸೂಪರ್‌ಮಾರ್ಕೆಟ್ಟಿನದು. ಮೂಲೆಮನೆಯ ಮುದುಕ ನನ್ನ ಪಕ್ಕ ಬಂದು ಕುಳಿತ. ಡಾಕ್ಟರಿಗೆ ನೀನು ಸಹಾಯ ಮಾಡುತ್ತಿದ್ದೆಯಲ್ಲ, ಅವರು ಮೊದಲು ಮಾಡುತ್ತಿದ್ದರಲ್ಲ, ಗುಟುಕಿನ ಕೊನೆಯಲ್ಲಿ ಒಂದಿಷ್ಟು ಒಗರಿರುತ್ತಿದ್ದದ್ದು, ಅದನ್ನು ಹೇಗೆ ಮಾಡುವುದೆಂದು ನಿನಗೆ ಗೊತ್ತೇ ಎಂದು ಕೇಳಿದ. ಈಗೀಗ ಅದೇ ನೆನಪಾಗುತ್ತದಂತೆ.

ನನಗೆ ಗೊತ್ತಿಲ್ಲ, ಕಲಿಸುತ್ತೇನೆಂದು ಕರೆದಾಗ ನಾನು ಹೋಗಲಿಲ್ಲ ಎಂದೆ.